ಹೊರದೇಶದ ಇಂಜಿನಿಯರಿಂಗ್ ವಿದ್ಯೆ: ನಡುದಾರಿಯ ವರ್ಗಾವಣೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದಾಗಾರವು ಕೆಲಸವನ್ನಾರಂಭಿಸಿದಾಗ, ಅದರ ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದಿದ್ದುವು. ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದು ಹೊರದೇಶದ ವಿದ್ಯೆಯು ಯಂತ್ರದ ರೂಪದಲ್ಲಿ ಹಡಗನ್ನೇರಿ ನಮ್ಮಲ್ಲಿಗೆ ಬಂದಿತು. ಇಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ತರುಣ ತರುಣಿಯರು ಅದೇ ವಿದ್ಯೆಯನ್ನರಸಿ ತಾವೇ ವಿಮಾನವನ್ನೇರುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಯಾವ ಹೊತ್ತಿನಲ್ಲಿ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಹೊರಡುವ ಮೊದಲೇ ವಿಚಾರಿಸುವುದು ಅಗತ್ಯ.

ಆ ದಾರಿಗಳಲ್ಲಿ ಒಂದು ತಂದೆತಾಯಿಗಳ ಮನಸ್ಸನ್ನು ಸುಲಭವಾಗಿ ಸೆಳೆಯುವಂಥದು. ಇಂಜಿನಿಯರಿಂಗಿನ ಮೊದಲೆರಡು ವರ್ಷಗಳನ್ನು ಇಲ್ಲಿಯೇ ಓದಿ, ಉಳಿದ ಎರಡು ವರ್ಷಗಳನ್ನು ಹೊರದೇಶದ ವಿಶ್ವವಿದ್ಯಾನಿಲಯದಲ್ಲಿ ಮುಗಿಸಿ, ಅಲ್ಲಿಯ ಪದವಿಯನ್ನೇ ಪಡೆಯುವುದು ಇದರ ಕ್ರಮ. ಇದು ತೀರ ಹೊಸತೂ ಅಲ್ಲ. 1994ರಲ್ಲಿ ಮಣಿಪಾಲದಲ್ಲಿ ಆರಂಭವಾದ ಅನ್ವಯಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರವು ನಮ್ಮ ರಾಜ್ಯದಲ್ಲಿ ಈ ಬಗೆಯ ವ್ಯಾಸಂಗಕ್ಕೆ ಬಾಗಿಲನ್ನು ತೆರೆಯಿತು. ಎರಡು ವರ್ಷಗಳ ಪರದೇಶದ ವೆಚ್ಚ ಉಳಿಯುತ್ತದೆ. ಎಳೆಯ ವಯಸ್ಸಿನಲ್ಲಿಯೇ ಉತ್ತಮ ಪ್ರಯೋಗಶಾಲೆಗಳ ಪರಿಚಯವಾಗುತ್ತದೆ. ಇವು ಅಲ್ಲಗಳೆಯಲಾಗದ ಲಾಭಗಳು. ಆದರೂ ಈ ದಾರಿಯ ನಡುವೆ ಒಂದು ಕೂಡುಸ್ಥಳವುಂಟು, ಅಪಾಯವಿರುವುದು ಅಲ್ಲಿಯೇ.

ವಿದ್ಯುದಾಗಾರದ ಒಂದು ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ತಿರುಗುತ್ತಿರುವ ಒಂದು ವಿದ್ಯುಜ್ಜನಕವನ್ನು, ಈಗಾಗಲೇ ನಡೆಯುತ್ತಿರುವ ಜಾಲಕ್ಕೆ ಮನಬಂದಂತೆ ಜೋಡಿಸಲಾಗದು. ಎರಡರ ಒತ್ತಡ, ಅಂದರೆ ವೋಲ್ಟೇಜು, ಸಮನಾಗಿರಬೇಕು. ಸೆಕೆಂಡಿಗೆ ಎಷ್ಟು ಆವರ್ತವೆಂಬ ಲೆಕ್ಕ ಹೊಂದಬೇಕು. ಅಲೆಗಳ ಏರಿಳಿತಗಳು ಒಂದೇ ಹೆಜ್ಜೆಯಲ್ಲಿ ಸಾಗಬೇಕು. ಹಿಂದಿನ ಕಾಲದಲ್ಲಿ ಇದನ್ನು ತಿಳಿಯಲು ಎರಡರ ನಡುವೆ ವಿದ್ಯುದ್ದೀಪಗಳನ್ನು ಸೇರಿಸುತ್ತಿದ್ದರು. ಹೆಜ್ಜೆ ಕೂಡದಿರುವಾಗ ದೀಪಗಳು ಬೆಳಗಿ ಬೆಳಗಿ ಆರುತ್ತಿದ್ದುವು. ಅವು ಪೂರ್ಣವಾಗಿ ಆರಿದ ಕ್ಷಣವನ್ನು ಕಾದು ಕೆಲಸಗಾರನು ಕೀಲಿಯನ್ನು ಮುಚ್ಚುತ್ತಿದ್ದನು. ಅವಸರಪಟ್ಟು ಮುಚ್ಚಿದರೆ ಯಂತ್ರವೇ ಹಾಳಾಗುವ ಸಂಭವವಿತ್ತು. ಎರಡು ಯಂತ್ರಗಳೂ ಒಳ್ಳೆಯವೇ ಆಗಿದ್ದರೂ ಸಾಲದು. ಕೂಡುವ ಕ್ಷಣದಲ್ಲಿ ಅವು ಹೊಂದಬೇಕು.

ವಿದ್ಯಾರ್ಥಿಯ ವರ್ಗಾವಣೆಯಲ್ಲಿಯೂ ಇಂಥ ಮೂರು ಹೊಂದಾಣಿಕೆಗಳಿವೆ. ಮೊದಲನೆಯದು ಪಾಠದ್ದು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪದವಿಗೆ ಸಾಮಾನ್ಯವಾಗಿ 120 ಅಥವಾ ಅದಕ್ಕಿಂತ ತುಸು ಹೆಚ್ಚು ಕ್ರೆಡಿಟ್‌ಗಳು ಬೇಕು. ವರ್ಷಕ್ಕೆ ಸುಮಾರು 30. ಎರಡು ವರ್ಷ ಓದಿದವನು ತನಗೆ 60 ಬಂದುವೆಂದು ಎಣಿಸುತ್ತಾನೆ. ಆದರೆ ಆ ವಿಶ್ವವಿದ್ಯಾನಿಲಯವು ಒಂದೊಂದು ವಿಷಯದ ಪಠ್ಯಕ್ರಮವನ್ನೂ ಬಿಡಿಸಿ ನೋಡಿ 36ನ್ನು ಮಾತ್ರ ಒಪ್ಪಿತೆನ್ನೋಣ. ಉಳಿದುದು 84, ಎರಡು ವರ್ಷದ ಕೆಲಸ ಮೂರು ವರ್ಷದ್ದಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ಕ್ರೆಡಿಟ್ಟನ್ನು ಒಪ್ಪಿಯೂ ಅದನ್ನು ಐಚ್ಛಿಕವೆಂದು ಬರೆದುಕೊಂಡರೆ, ಪದವಿಗೆ ಕಡ್ಡಾಯವಾದ ವಿಷಯವನ್ನು ಮತ್ತೆ ಓದದೆ ಗತಿಯಿಲ್ಲ.

ಎರಡನೆಯದು ಕ್ರಮದ ಹೊಂದಾಣಿಕೆ. ಇಂಜಿನಿಯರಿಂಗಿನ ವಿಷಯಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಂತಿವೆ. ಅವಕಲ ಸಮೀಕರಣಗಳ ಪಾಠವು ಅಂಗೀಕೃತವಾಗದಿದ್ದರೆ ಅದನ್ನವಲಂಬಿಸಿದ ವಿದ್ಯುನ್ಮಂಡಲಗಳ ಪಾಠಕ್ಕೆ ಸೇರಲಾಗದು. ಅದಿಲ್ಲದೆ ಅದರ ಮೇಲಿನದಕ್ಕೂ ಸೇರಲಾಗದು. ಒಂದು ಮೆಟ್ಟಿಲು ತಪ್ಪಿದುದರಿಂದ ಒಂದು ವರ್ಷವೇ ತಪ್ಪಬಹುದು.

ಮೂರನೆಯದು ಮಾನ್ಯತೆಯ ಹೊಂದಾಣಿಕೆ. ಇಲ್ಲಿ ಹಲವರು ಮೋಸಹೋಗುವುದು ಹೆಸರುಗಳಿಂದ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳಲ್ಲಿ ‘ಟ್ವಿನ್ನಿಂಗ್’ ಎಂದರೆ ಪದವಿಯನ್ನು ಕೊಡುವುದು ಭಾರತದ ಸಂಸ್ಥೆ. ಹೊರದೇಶದಲ್ಲಿ ಗಳಿಸುವ ಕ್ರೆಡಿಟ್ಟು ಒಟ್ಟಿನ ಶೇಕಡ 30ನ್ನು ಮೀರತಕ್ಕದ್ದಲ್ಲ. ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಓದಿ ಅಲ್ಲಿಯ ಪದವಿಯನ್ನು ಪಡೆಯುವುದು ಬೇರೆಯದೇ ವ್ಯವಸ್ಥೆ. ಪದವಿಪತ್ರದ ಮೇಲೆ ಯಾರ ಹೆಸರು ಬರುವುದೆಂಬುದನ್ನು ಮೊದಲ ದಿನವೇ ಕೇಳತಕ್ಕದ್ದು. 1989ರ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತವು 2014ರಲ್ಲಿ ಪೂರ್ಣ ಸದಸ್ಯನಾಯಿತೆಂದು ಕೆಲವರು ಧೈರ್ಯ ಹೇಳುವುದುಂಟು. ಆ ಒಪ್ಪಂದ ಅಮೂಲ್ಯವಾದುದೇ. ಆದರೆ ಅದು ಗೌರವಿಸುವುದು ಮಾನ್ಯತೆ ಪಡೆದ ವ್ಯಾಸಂಗವನ್ನು ಪೂರ್ತಿಗೊಳಿಸಿ ಗಳಿಸಿದ ಪದವಿಯನ್ನು. ಅರ್ಧದಲ್ಲಿ ನಿಲ್ಲಿಸಿದ ಎರಡು ವರ್ಷಗಳಿಗೆ ಅದರ ನೆರಳಿಲ್ಲ.

ಇಷ್ಟನ್ನೂ ಹೇಳಲು ಕಾರಣವುಂಟು. ನಮ್ಮ ಭಾಗದಲ್ಲಿ ಈ ತೀರ್ಮಾನವನ್ನು ಮಾಡುವವರು ಶ್ರೀಮಂತರು ಮಾತ್ರವಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಕಬ್ಬು ಬೆಳೆಯುವ ಮದ್ದೂರಿನ ಒಬ್ಬ ರೈತನನ್ನು ನೆನೆಯಿರಿ. ಅವನು ಗದ್ದೆಯ ಮೇಲೆ ಸಾಲವೆತ್ತುವುದು ಎರಡು ವರ್ಷದ ವೆಚ್ಚವೆಂದು ನಂಬಿ. ಮೂರನೆಯ ವರ್ಷದ ಶುಲ್ಕದ ಕಾಗದ ಬಂದಾಗ ಅವನು ಮಾರಬೇಕಾದುದು ಕಬ್ಬನ್ನಲ್ಲ, ಗದ್ದೆಯನ್ನು. ಮಗನು ದುಡಿದು ಓದುವನೆಂಬ ಭರವಸೆಯೂ ಬಲವಾದುದಲ್ಲ. ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಮೊದಲ ವರ್ಷ ಅದೂ ವಿಶ್ವವಿದ್ಯಾನಿಲಯದ ಆವರಣದಲ್ಲಿ ಮಾತ್ರ.

ಹಾಗಾದರೆ ನಮ್ಮ ಮಕ್ಕಳು ಹೊರಗೆ ಹೋಗಬಾರದೆ? ಖಂಡಿತವಾಗಿ ಹೋಗಬೇಕು. ಆದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಪದವಿಯನ್ನು ಇಲ್ಲಿ ಪೂರ್ತಿ ಮಾಡಿಕೊಂಡು, ಉನ್ನತ ವ್ಯಾಸಂಗಕ್ಕೆ ಹೊರಡುವುದೇ ಮೇಲೆಂಬುದು ನನ್ನ ಅಭಿಪ್ರಾಯ. ರಾಜೇಶ್ವರಿ ಚಟರ್ಜಿಯವರು ನಡೆದ ದಾರಿ ಇದೇ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದು ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿ, ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು 1947ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿ 1953ರಲ್ಲಿ ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿದರು. ಇಲ್ಲಿ ಮುಗಿಸಿದ ಓದು ಅವರ ಜೊತೆಗೆ ಪೂರ್ಣವಾಗಿ ಹೋಯಿತು. ಅದರ ಒಂದು ಭಾಗವನ್ನೂ ಅವರು ದಾರಿಯಲ್ಲಿ ಕಳೆದುಕೊಳ್ಳಬೇಕಾಗಲಿಲ್ಲ. ಹೊರದೇಶದ ವಿಶ್ವವಿದ್ಯಾನಿಲಯಗಳು ಬೋಧನೆಗೆ, ಸಂಶೋಧನೆಗೆ ನೆರವಾಗುವವರಿಗೆ ಕೊಡುವ ಸಹಾಯಧನವೂ ಬಹುಮಟ್ಟಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೇ ಸಲ್ಲುತ್ತದೆ.

ಆದರೂ ನಡುದಾರಿಯಲ್ಲಿಯೇ ಹೋಗಬೇಕೆನ್ನುವವರು ಇರುತ್ತಾರೆ. ಅವರ ಹಾದಿಯನ್ನು ಭದ್ರಪಡಿಸುವುದು ನಮ್ಮ ಕಾಲೇಜುಗಳ ಕರ್ತವ್ಯ. ಮಂಡ್ಯದಲ್ಲಿ ಕೆ. ವಿ. ಶಂಕರಗೌಡರ ಪ್ರಯತ್ನದಿಂದ 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದಾಗ, ಹಳ್ಳಿಯ ಹುಡುಗನಿಗೆ ಈ ವಿದ್ಯೆಯು ಮನೆಯ ಬಾಗಿಲಿಗೇ ಬಂದಿತು. ಇಂಥ ಕಾಲೇಜುಗಳು ಇನ್ನೊಂದು ಹೆಜ್ಜೆ ಮುಂದಿಡಬೇಕು. ಪ್ರತಿಯೊಂದು ವಿಷಯದ ಪಾಠಗಳು, ಗಂಟೆಗಳು, ಪ್ರಯೋಗಗಳು, ಪಠ್ಯಪುಸ್ತಕಗಳು ಇವುಗಳ ವಿವರವನ್ನು ಎಲ್ಲಿಯ ಪ್ರಾಧ್ಯಾಪಕನಾದರೂ ಓದಿ ತೂಗುವಂತೆ ಸಿದ್ಧಪಡಿಸಿ ಪ್ರಕಟಿಸಬೇಕು. ಹೊರದೇಶದ ಕೆಲವು ವಿಶ್ವವಿದ್ಯಾನಿಲಯಗಳೊಡನೆ ನೇರವಾಗಿ ಮಾತಾಡಿ, ಇಲ್ಲಿಯ ಯಾವ ವಿಷಯಕ್ಕೆ ಅಲ್ಲಿಯ ಯಾವ ವಿಷಯ ಸಮವೆಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಇಂದು ಈ ತಿಳಿವಳಿಕೆಯನ್ನು ತಂದೆತಾಯಿಗಳು ದಲ್ಲಾಳಿಗಳ ಬಾಯಿಂದ ಕೇಳಬೇಕಾಗಿರುವುದು ವಿದ್ಯಾಸಂಸ್ಥೆಗಳಿಗೆ ಶೋಭೆಯಲ್ಲ.

ತಂದೆತಾಯಿಗಳಿಗೆ ನನ್ನ ಬಿನ್ನಹ ಇಷ್ಟೆ. ಪ್ರವೇಶಪತ್ರವು ಕೈಸೇರಿತೆಂದು ಹಿಗ್ಗಬೇಡಿರಿ. ಯಾವ ಯಾವ ವಿಷಯ ಅಂಗೀಕೃತವಾಯಿತು, ಪದವಿಗೆ ಇನ್ನೆಷ್ಟು ಉಳಿಯಿತು, ಎಷ್ಟು ವರ್ಷ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಆ ವಿಶ್ವವಿದ್ಯಾನಿಲಯದ್ದೇ ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಅದು ಬರುವವರೆಗೆ ಗದ್ದೆಯ ಪಹಣಿ ಮನೆಯ ಪೆಟ್ಟಿಗೆಯಲ್ಲಿಯೇ ಇರಲಿ. ದೀಪಗಳು ಆರುವವರೆಗೆ ಕಾದ ಕೆಲಸಗಾರನು ಅಂಜುಬುರುಕನಾಗಿರಲಿಲ್ಲ. ತನ್ನ ಯಂತ್ರದ ಬೆಲೆಯನ್ನು ಅವನು ಬಲ್ಲವನಾಗಿದ್ದನು.