ಏಳು ದೀಪಗಳ ದಾರಿ

ಯಾತ್ರೆಗೆ ಹೊರಟವರು ಸಾಮಾನ್ಯವಾಗಿ ಬಯಸುವುದು ಉರಿಯುವ ದೀಪವನ್ನು, ಕೇಳಿಸುವ ಗಂಟೆಯನ್ನು, ಪ್ರಾರ್ಥನೆಗೆ ನೆರೆದ ಜನವನ್ನು. ಆದರೆ ಇವು ಯಾವುವೂ ಕಾಣಸಿಗದ ಹಾಳೂರುಗಳನ್ನೇ ಅರಸಿಕೊಂಡು ಹೋಗುವ ಯಾತ್ರಿಕರೂ ಉಂಟು. ತುರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಅಂಥ ಏಳು ಸ್ಥಳಗಳಿವೆ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ ಮತ್ತು ಲವೊದಿಕೀಯ. ಬೈಬಲ್ಲಿನ ಕೊನೆಯ ಗ್ರಂಥವಾದ ‘ಪ್ರಕಟನೆ’ಯಲ್ಲಿ ಈ ಊರುಗಳ ಕ್ರೈಸ್ತ ಸಭೆಗಳಿಗೆ ಬರೆದ ಏಳು ಓಲೆಗಳಿವೆ. ಏಜಿಯನ್ ಸಮುದ್ರದ ಪತ್ಮೊಸ್ ದ್ವೀಪದಲ್ಲಿದ್ದ ಯೋಹಾನನು ಕಂಡ ದರ್ಶನದ ಭಾಗಗಳಿವು. ಅದರಲ್ಲಿ ಏಳು ಸಭೆಗಳನ್ನು ಏಳು ದೀಪಸ್ತಂಭಗಳಾಗಿ ಚಿತ್ರಿಸಲಾಗಿದೆ.

ಈ ಏಳು ಊರುಗಳನ್ನು ಒಂದೇ ಸುತ್ತಿನಲ್ಲಿ ನೋಡಿ ಬರುವ ವಾಡಿಕೆ ಅನೇಕ ದೇಶಗಳ ಕ್ರೈಸ್ತರಲ್ಲಿದೆ. ಒಂದೇ ಚರ್ಚಿಗೆ ಸೇರಿದ ಇಪ್ಪತ್ತು ಮೂವತ್ತು ಜನ, ಅವರ ಪಾದ್ರಿ, ಒಬ್ಬ ಮಾರ್ಗದರ್ಶಿ, ಒಂದು ಬಸ್ಸು — ಇಷ್ಟೇ ಪರಿವಾರ. ಗ್ರಂಥದಲ್ಲಿ ಊರುಗಳನ್ನು ಹೆಸರಿಸಿರುವ ಕ್ರಮವೇ ಪ್ರಯಾಣದ ದಾರಿಯೂ ಆಗಿರುವುದು ಸ್ವಾರಸ್ಯದ ಸಂಗತಿ. ಎಫೆಸದಿಂದ ಉತ್ತರಕ್ಕೆ ಹೊರಟು, ಪೆರ್ಗಮದಲ್ಲಿ ತಿರುಗಿ, ಆಗ್ನೇಯದತ್ತ ಇಳಿಯುತ್ತ ಲವೊದಿಕೀಯವನ್ನು ಮುಟ್ಟುವ ಈ ಸುತ್ತು, ಓಲೆಕಾರನೊಬ್ಬನು ನಡೆದಿರಬಹುದಾದ ಹಾದಿಯೆಂದು ವಿದ್ವಾಂಸರು ಊಹಿಸಿದ್ದಾರೆ. ಪ್ರತಿ ಸ್ಥಳದಲ್ಲಿಯೂ ಯಾತ್ರಿಕರು ನೆರಳು ಹುಡುಕಿ ಕುಳಿತು, ಆ ಊರಿಗೆ ಬಂದ ಓಲೆಯನ್ನು ಓದಿಸಿ ಕೇಳುತ್ತಾರೆ.

ಈ ಪದ್ಧತಿ ಹೊಸದಲ್ಲ. 381ರಿಂದ 384ರವರೆಗೆ ಪೂರ್ವದೇಶಗಳಲ್ಲಿ ಸಂಚರಿಸಿದ ಎಗೇರಿಯ ಎಂಬ ಮಹಿಳೆ, ತನ್ನ ನಾಡಿನ ಸೋದರಿಯರಿಗೆ ಬರೆದ ದೀರ್ಘ ಪತ್ರದಲ್ಲಿ ಇದನ್ನೇ ವರ್ಣಿಸಿದ್ದಾಳೆ. ಹೋದಲ್ಲೆಲ್ಲ ಆ ಸ್ಥಳಕ್ಕೆ ಸಂಬಂಧಿಸಿದ ಬೈಬಲ್ಲಿನ ಭಾಗವನ್ನು ಓದಿಸಿ, ಪ್ರಾರ್ಥಿಸಿ, ಆಮೇಲೆ ಮುಂದಕ್ಕೆ ಹೊರಡುವುದು ಅವಳ ನಿಯಮವಾಗಿತ್ತು. ಯೋಹಾನನ ಸಮಾಧಿಯಿದ್ದ ಎಫೆಸಕ್ಕೂ ಹೋಗಬೇಕೆಂಬ ತನ್ನ ಹಂಬಲವನ್ನು ಅವಳು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಬರೆದಿಟ್ಟಳು. ಆ ಪತ್ರದ ಅಪೂರ್ಣ ಪ್ರತಿ 1884ರಲ್ಲಿ ಇಟಲಿಯ ಅರೆಜ್ಜೊ ಪಟ್ಟಣದಲ್ಲಿ ದೊರೆಯಿತು.

ಎಗೇರಿಯಳ ಕಾಲದಲ್ಲಿ ಎಫೆಸ ಜೀವಂತ ನಗರ. 431ರಲ್ಲಿ ಕ್ರೈಸ್ತಧರ್ಮದ ಮಹಾಸಮ್ಮೇಳನವೊಂದು ಅಲ್ಲಿಯೇ ಸೇರಿತು. ಇಂದು ಸೆಲ್ಚುಕ್ ಪಟ್ಟಣದ ಬಳಿ ಯಾತ್ರಿಕನಿಗೆ ಕಾಣುವುದು ಅಮೃತಶಿಲೆಯ ಬೀದಿಗಳು, ಸೆಲ್ಸಸ್ ಗ್ರಂಥಾಲಯದ ಮುಂಗೋಡೆ, ಸುಮಾರು 25,000 ಮಂದಿ ಕೂಡಬಹುದಾದ ಬಯಲು ರಂಗಮಂದಿರ. ಪೌಲನ ಬೋಧನೆಯಿಂದ ತಮ್ಮ ಕಸುಬಿಗೆ ಕುಂದುಬಂದೀತೆಂದು ಬೆಳ್ಳಿಯ ಕೆಲಸಗಾರರು ಎಬ್ಬಿಸಿದ ಗಲಭೆ ಈ ರಂಗಮಂದಿರದಲ್ಲಿಯೇ ನಡೆಯಿತು. ಅವರು ಯಾವ ಅರ್ತೆಮೀ ದೇವಿಯ ಹೆಸರು ಹಿಡಿದು ಕೂಗಿದರೋ ಆ ದೇವಿಯ ಜಗದ್ವಿಖ್ಯಾತ ಆಲಯದಿಂದ ಇಂದು ನಿಂತಿರುವುದು, ಮುರಿದ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಒಂದು ಕಂಬ.

ಇಂಥ ಅವಶೇಷಗಳ ನಡುವೆ ನಿಂತಾಗ ಸುಲಭವಾದ ನೀತಿಯೊಂದು ನಾಲಗೆಯ ತುದಿಗೆ ಬಂದುಬಿಡುತ್ತದೆ. ಮೊದಲಿನ ಪ್ರೀತಿಯನ್ನು ತೊರೆದೆಯೆಂದು ಎಫೆಸದ ಸಭೆಯನ್ನು ಓಲೆ ಆಕ್ಷೇಪಿಸಿ, ತಿದ್ದಿಕೊಳ್ಳದಿದ್ದರೆ ದೀಪಸ್ತಂಭವನ್ನು ತೆಗೆದುಬಿಡುವೆನೆಂದು ಎಚ್ಚರಿಸಿತ್ತು. ಇಗೋ, ಊರು ಹಾಳಾಯಿತು. ಸಿರಿಯ ಸೊಕ್ಕಿನಲ್ಲಿ ತನಗೇನೂ ಬೇಡವೆನ್ನುತ್ತಿದ್ದ ಲವೊದಿಕೀಯವನ್ನು ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ನೀರಿಗೆ ಹೋಲಿಸಿ ಜರೆದಿತ್ತು. ಇಗೋ, ಅದೂ ಹಾಳಾಯಿತು. ಇಂಥ ಉಪದೇಶಗಳು ಬಹುಕಾಲದಿಂದ ನಡೆದುಬಂದಿವೆ.

ಆದರೆ ಈ ನೀತಿ ಏಳು ಊರುಗಳ ಸುತ್ತನ್ನು ಪೂರೈಸಲಾರದು. ಏಳು ಓಲೆಗಳಲ್ಲಿ ಒಂದೇ ಒಂದು ಆಕ್ಷೇಪಣೆಯೂ ಇಲ್ಲದವು ಎರಡು: ಸ್ಮುರ್ನದ್ದು ಮತ್ತು ಫಿಲದೆಲ್ಫಿಯದ್ದು. ಸ್ಮುರ್ನವೆಂದರೆ ಇಂದಿನ ಇಜ್ಮಿರ್ ಮಹಾನಗರ. ಎರಡನೆಯ ಶತಮಾನದ ಮಧ್ಯದಲ್ಲಿ ಅಲ್ಲಿನ ಬಿಷಪ್ ಪಾಲಿಕಾರ್ಪ್, ತನ್ನ ಪ್ರಭುವನ್ನು ನಿರಾಕರಿಸಲೊಪ್ಪದೆ ವೃದ್ಧಾಪ್ಯದಲ್ಲಿ ಪ್ರಾಣ ತೆತ್ತನು. ಅವನ ಹೆಸರಿನ ಚರ್ಚು ಇಂದಿಗೂ ಆ ನಗರದಲ್ಲಿದೆ. ಫಿಲದೆಲ್ಫಿಯ ಇಂದಿನ ಅಲಾಷೆಹಿರ್. ಸುತ್ತಲ ನಾಡೆಲ್ಲ ಕೈಬಿಟ್ಟ ಮೇಲೂ ಈ ಕ್ರೈಸ್ತ ಪಟ್ಟಣ 1390ರವರೆಗೆ ತುರ್ಕರಿಗೆ ಮಣಿಯದೆ ನಿಂತಿತ್ತು. ಆ ಬಳಿಕವೂ ಎರಡೂ ಊರುಗಳಲ್ಲಿ ಕ್ರೈಸ್ತರು ಶತಮಾನಗಳ ಕಾಲ ಬಾಳಿದರು.

ಆಮೇಲೆ 1922 ಬಂದಿತು. ಗ್ರೀಸ್ ಮತ್ತು ತುರ್ಕಿಗಳ ಯುದ್ಧದ ಕೊನೆಯಲ್ಲಿ, ಹಿಮ್ಮೆಟ್ಟುತ್ತಿದ್ದ ಗ್ರೀಕ್ ಸೈನ್ಯ ಅಲಾಷೆಹಿರನ್ನು ಸುಟ್ಟಿತು. ಅದೇ ಸೆಪ್ಟೆಂಬರಿನಲ್ಲಿ, ತುರ್ಕಿ ಸೈನ್ಯ ಪ್ರವೇಶಿಸಿದ ಕೆಲವೇ ದಿನಗಳಿಗೆ, ಸ್ಮುರ್ನದ ಗ್ರೀಕರ ಮತ್ತು ಆರ್ಮೇನಿಯನ್ನರ ಕೇರಿಗಳು ಬೆಂಕಿಗೆ ಆಹುತಿಯಾದವು. 1923ರ ಜನವರಿಯಲ್ಲಿ ಲೊಸಾನ್ ನಗರದಲ್ಲಿ ಎರಡು ಸರ್ಕಾರಗಳೂ ಜನರ ವಿನಿಮಯಕ್ಕೆ ರುಜು ಹಾಕಿದವು. ಆಡುವ ಭಾಷೆಯನ್ನು ಯಾರೂ ಕೇಳಲಿಲ್ಲ, ಧರ್ಮವೇ ಅಳತೆಗೋಲಾಯಿತು. ಮೊದಲೇ ಓಡಿಹೋದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ತುರ್ಕಿಯ ನೆಲವನ್ನು ಬಿಟ್ಟರು. ಸುಮಾರು 4 ಲಕ್ಷ ಮುಸಲ್ಮಾನರು ಗ್ರೀಸಿನ ತಮ್ಮ ಮನೆಮಠಗಳನ್ನು ತೊರೆದು ಈ ಕಡೆಗೆ ಬಂದರು. ಅಲ್ಲಿ ಮಸೀದಿಗಳು ಬರಿದಾದವು, ಇಲ್ಲಿ ಚರ್ಚುಗಳು. ಹೊಗಳಿಸಿಕೊಂಡ ಸಭೆ ಉಳಿಯಿತು, ತೆಗಳಿಸಿಕೊಂಡದ್ದು ಅಳಿಯಿತು ಎಂಬ ಲೆಕ್ಕ ಇಲ್ಲಿ ತಪ್ಪಿಹೋಗುತ್ತದೆ. ಎಫೆಸವನ್ನು ಬರಿದುಮಾಡಿದುದರಲ್ಲಿಯೂ ಅದರ ಬಂದರನ್ನು ಮುಚ್ಚಿದ ನದಿಯ ಹೂಳಿನ ಪಾಲು ದೊಡ್ಡದು; ಇಂದು ಸಮುದ್ರ ಅಲ್ಲಿಂದ ಹಲವು ಕಿಲೋಮೀಟರು ದೂರ ಸರಿದಿದೆ. ಲವೊದಿಕೀಯವನ್ನು ಕಾಡಿದವು ಭೂಕಂಪಗಳು.

ಹಾಗಾದರೆ ಯಾತ್ರಿಕರು ನೋಡಲು ಬಂದ ಸಭೆ ಹೋದದ್ದೆಲ್ಲಿಗೆ? ಕನ್ನಡದ ಬೈಬಲ್ಲು ಈ ಪ್ರಶ್ನೆಗೆ ಒಂದೇ ಪದದಲ್ಲಿ ದಾರಿ ತೋರಿಸುತ್ತದೆ. ‘ಎಕ್ಲೇಸಿಯ’ ಎಂಬ ಗ್ರೀಕ್ ಪದಕ್ಕೆ ಅದು ಬಳಸಿರುವುದು ‘ಸಭೆ’ ಎಂಬ ಮಾತನ್ನು. ಸಭೆಯೆಂದರೆ ಕಟ್ಟಡವಲ್ಲ, ನೆರೆದ ಜನ. ಓಲೆಗಳು ಬಂದ ಕಾಲದಲ್ಲಿ ಆ ಜನ ಕೂಡುತ್ತಿದ್ದುದು ಯಾರದಾದರೂ ಮನೆಯ ಕೋಣೆಯಲ್ಲಿ. ಯಾತ್ರಿಕರು ಕ್ಯಾಮರಾ ಹಿಡಿದು ನಿಲ್ಲುವ ಗೋಡೆಗಳೂ ಕಂಬಗಳೂ ಆ ಮೊದಲ ಸಭೆಗಳ ಆಸ್ತಿಯಾಗಿರಲಿಲ್ಲ. ಎಫೆಸದಲ್ಲಿ ಯೋಹಾನನ ಸಮಾಧಿಯ ಮೇಲೆ ಜಸ್ಟಿನಿಯನ್ ಚಕ್ರವರ್ತಿ ಮಹಾಮಂದಿರವನ್ನು ಕಟ್ಟಿಸಿದ್ದು ಆರನೆಯ ಶತಮಾನದಲ್ಲಿ.

ಜನ ನಡೆದಲ್ಲಿಗೆ ಸಭೆಯೂ ನಡೆಯುತ್ತದೆ. 1922ರ ನಿರಾಶ್ರಿತರು ಅಥೆನ್ಸ್ ನಗರದ ಅಂಚಿನಲ್ಲಿ ನೆಲೆಯೂರಿದಾಗ ತಮ್ಮ ಬಡಾವಣೆಗಳಿಗೆ ಕಳೆದುಕೊಂಡ ಊರುಗಳ ಹೆಸರನ್ನೇ ಇಟ್ಟರು. ನಿಯಾ ಸ್ಮಿರ್ನಿ, ನಿಯಾ ಫಿಲಡೆಲ್ಫಿಯ, ಅಂದರೆ ಹೊಸ ಸ್ಮುರ್ನ, ಹೊಸ ಫಿಲದೆಲ್ಫಿಯ, ಇಂದಿಗೂ ಅಲ್ಲಿವೆ. ಏಳು ಊರುಗಳ ಯಾತ್ರೆಯ ಪಟ್ಟಿಯಲ್ಲಿ ಆ ಬಡಾವಣೆಗಳಿಗೆ ಸ್ಥಾನವಿಲ್ಲ. ಅಲ್ಲಿ ಪ್ರಾಚೀನ ಕಂಬಗಳಿಲ್ಲ, ನೋಡಲು ಬರುವವರಿಲ್ಲ. ಆದರೆ ಓಲೆಯ ವಿಳಾಸವನ್ನು ಹೊತ್ತು ನಡೆದವರ ಮಕ್ಕಳು ಮೊಮ್ಮಕ್ಕಳು ಬೆಳೆದದ್ದು ಅಲ್ಲಿಯೇ.

ಇದನ್ನು ಅರಿತ ಯಾತ್ರಿಕನು ಹಾಳುಗೋಡೆಯ ಮುಂದೆ ನಿಂತು ಗತಕಾಲದವರ ತಪ್ಪನ್ನು ಎಣಿಸಲಾರನು. ಮೊದಲಿನ ಪ್ರೀತಿ ಉಳಿದಿದೆಯೇ ಎಂದು ಓಲೆ ಕೇಳಿದ್ದು ಕಲ್ಲನ್ನಲ್ಲ, ಅದನ್ನು ಕೇಳುತ್ತ ಕುಳಿತವರನ್ನು. ಈಗ ಕೇಳುತ್ತ ಕುಳಿತಿರುವವರು ಬಸ್ಸಿನಿಂದ ಇಳಿದ ಆ ಮೂವತ್ತು ಮಂದಿ. ಓದು ಮುಗಿದು, ಕೀರ್ತನೆಯೊಂದನ್ನು ಹಾಡಿ, ಅವರು ಮತ್ತೆ ಬಸ್ಸು ಹತ್ತುವಾಗ ಆ ಪ್ರಶ್ನೆಯೂ ಅವರೊಡನೆ ಹತ್ತುತ್ತದೆ. ಅದಕ್ಕೆ ಉತ್ತರ ಸಿಗಬೇಕಾದದ್ದು ಎಫೆಸದಲ್ಲಲ್ಲ. ಅವರವರ ಊರಿನಲ್ಲಿ, ವಾರವಾರವೂ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವವರ ನಡುವೆ.