ಸೇವೆ ಬೇಡ, ವಾರ್ಡಿನ ಓಟು ಕೊಡಿ

2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ವಿಧಾನಸಭಾ ಕ್ಷೇತ್ರಗಳಿಗೆ ತಲಾ 10 ಕೋಟಿ ರೂಪಾಯಿ ಹಂಚಿತು. ಜಯನಗರವನ್ನು ಮಾತ್ರ ಬಿಟ್ಟಿತು. ಅಲ್ಲಿನ ಶಾಸಕ ಸಿ.ಕೆ. ರಾಮಮೂರ್ತಿ ಬಿಜೆಪಿಯವರು, 2023ರಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರನ್ನು ಮರುಎಣಿಕೆಯ ನಂತರ 16 ಮತಗಳಿಂದ ಸೋಲಿಸಿದವರು. ದ್ವೇಷದ ರಾಜಕಾರಣ ಎಂದು ಬಿಜೆಪಿ ಕೂಗಿತು. ಕೂಗಿದ್ದು ಸರಿಯೇ. ಆದರೆ ಬಿಜೆಪಿ ಅಧಿಕಾರದಲ್ಲಿದ್ದಾಗ ಅನುದಾನದಲ್ಲಿ ತಾರತಮ್ಯ ಎಂದು ಕೂಗುತ್ತಿದ್ದವರು ಕಾಂಗ್ರೆಸ್ ಶಾಸಕರು. ಕುರ್ಚಿಯಲ್ಲಿ ಕೂತವರು ಬದಲಾದರು, ದೂರು ಹಾಗೇ ಉಳಿಯಿತು.

ಅನುದಾನ. ಆ ಪದದೊಳಗೇ ದಾನ ಕೂತಿದೆ. ಜಯನಗರದವರು ವರ್ಷ ವರ್ಷ ಏಪ್ರಿಲ್‌ನಲ್ಲಿ ರಿಯಾಯಿತಿ ಸಿಗುತ್ತದೆಂದು ಮುಂಗಡವಾಗಿಯೇ ಆಸ್ತಿ ತೆರಿಗೆ ಕಟ್ಟುವ ಜನ. ಆ ದುಡ್ಡು ಊರಿಗೆಲ್ಲ ಸೇರಿದ್ದು, ಒಪ್ಪೋಣ. ನಮ್ಮಲ್ಲಿ ವಸೂಲಾದದ್ದು ನಮ್ಮಲ್ಲೇ ಖರ್ಚಾಗಬೇಕು ಎಂದು ಹಟ ಹಿಡಿದರೆ ಬಡ ಬಡಾವಣೆಗಳು ಎಂದೂ ಮೇಲೇಳುವುದಿಲ್ಲ. ಆದರೆ ಹೇಗೆ ಹಂಚುವುದು ಎಂಬುದಕ್ಕೆ ಜನಸಂಖ್ಯೆಯೋ, ರಸ್ತೆಯ ಉದ್ದವೋ, ಮಳೆಗೆ ಮುಳುಗುವ ಮನೆಗಳ ಲೆಕ್ಕವೋ, ಏನಾದರೊಂದು ಅಳತೆ ಬೇಡವೇ? ಶಾಸಕ ಯಾವ ಪಕ್ಷದವನು ಎಂಬುದು ಚರಂಡಿಗೆ ಅಳತೆಗೋಲಾಗುವುದು ಹೇಗೆ?

ಇದು ಯಾಕೆ ಇಷ್ಟು ಕೆರಳಿಸುತ್ತದೆ ಎಂದರೆ, ನಮ್ಮ ಅಡ್ಡರಸ್ತೆಯಲ್ಲೇ ಕಂಡಿದ್ದೇನೆ. ಮಳೆನೀರಿನ ಚರಂಡಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿಯೊಂದು ಮಧ್ಯಕ್ಕೆ ಬಿರುಕು ಬಿಟ್ಟು ಒಂದು ಸಂಜೆ ಕುಸಿಯಿತು. ಅದಾಗಿ ಮೂರನೇ ದಿನ ಪಕ್ಕದ ಮನೆಯ ಅಜ್ಜಿ ಹಾಲಿನ ಪ್ಯಾಕೆಟ್ ತರಲು ಹೊರಟವರು ಮಂಡಿಯವರೆಗೂ ಅದರೊಳಗೆ ಇಳಿದರು. ಎಲುಬು ಮುರಿಯಲಿಲ್ಲ, ಮೊಣಕಾಲ ಕೆಳಗೆ ಒಂದು ಗೇಣು ಚರ್ಮ ಕಿತ್ತುಬಂತು. ಪಾಲಿಕೆಯ ಕಚೇರಿಗೆ ನಾನೇ ಹೋದೆ. ಎಂಜಿನಿಯರ್ ಕೆಟ್ಟವರಲ್ಲ, ಕುರ್ಚಿ ಎಳೆದು ಕೂರಿಸಿದರು, ಫೈಲನ್ನೂ ತೋರಿಸಿದರು. "ಎಸ್ಟಿಮೇಟ್ ಆಗಲೇ ರೆಡಿ ಮಾಡಿಟ್ಟಿದ್ದೀನಿ ಸಾರ್. ಫಂಡ್ ಬರಬೇಕು. ಎಂಎಲ್‌ಎ ಕಡೆಯಿಂದ ಒಂದು ಲೆಟರ್ ತಂದ್ಬಿಟ್ರೆ ಮೂವ್ ಆಗತ್ತೆ" ಅಂದರು. ಮೂರಡಿ ಅಗಲದ ಒಂದು ಚಪ್ಪಡಿಗೆ ಶಾಸಕರ ಪತ್ರ! ನಾವು ನಾಲ್ಕು ಮನೆಯವರು ಹುಣಸೆ ಕೊಂಬೆಯೊಂದನ್ನು ಗುಂಡಿಗೆ ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿದೆವು. ಏಳು ವಾರ ಕಾದು, ಕೊನೆಗೆ ದುಡ್ಡು ಸೇರಿಸಿ ಚಪ್ಪಡಿ ತಂದು ಹಾಕಿಸಿದೆವು.

ಹಿಂದೆ ಇಂಥದ್ದಕ್ಕೆ ಕಾರ್ಪೊರೇಟರ್ ಎಂಬ ಒಬ್ಬ ಮನುಷ್ಯ ಇದ್ದ, ಅಥವಾ ಇದ್ದಳು. ಅರ್ಧ ಸ್ಥಾನ ಹೆಂಗಸರಿಗೇ ಮೀಸಲು. ಅವರ ಮನೆ ಎಲ್ಲಿದೆ ಎಂದು ಹೂವಿನವಳಿಗೂ ಗೊತ್ತಿರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಗೇಟು ತಟ್ಟಬಹುದಿತ್ತು, ಪಾರ್ಕಿನಲ್ಲಿ ತಡೆದು ಜಗಳ ಆಡಬಹುದಿತ್ತು. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2025ರ ಡಿಸೆಂಬರ್ ಬಂದರೂ ಹೊಸ ಕೌನ್ಸಿಲ್ ಬರಲಿಲ್ಲ. ಒಂದು ಪೂರ್ತಿ ಕೌನ್ಸಿಲ್ ಹುಟ್ಟಿ, ಆಳಿ, ಅವಧಿ ಮುಗಿಸಿ ಮನೆಗೆ ಹೋಗುವಷ್ಟು ಕಾಲ ನಮ್ಮ ಊರಿಗೆ ಊರಿನವರು ಆರಿಸಿದ ಆಡಳಿತವಿರಲಿಲ್ಲ.

ಸಂವಿಧಾನದ 243-ಯು ವಿಧಿಯಲ್ಲಿ ಯಾವ ಗೊಂದಲವೂ ಇಲ್ಲ. ನಗರ ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕು. 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅಹಮದಾಬಾದಿನ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಒತ್ತಿ ಹೇಳಿತು. ಆದರೂ 2006ರ ನವೆಂಬರಿನಿಂದ 2010ರವರೆಗೆ ಬೆಂಗಳೂರು ಕೌನ್ಸಿಲ್ ಇಲ್ಲದೆ ಇತ್ತು. 2015ರಲ್ಲಿ ಪಾಲಿಕೆಯನ್ನು ಒಡೆಯುವ ನೆಪದಲ್ಲಿ ಮುಂದೂಡಲು ನೋಡಿದವರು ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಚುನಾವಣೆಗೆ ಹೋದರು. 2020ರ ಡಿಸೆಂಬರಿನಲ್ಲಿ ಇರುವ 198 ವಾರ್ಡುಗಳಿಗೇ ಚುನಾವಣೆ ಮಾಡಿ ಎಂದು ಹೈಕೋರ್ಟ್ ಆದೇಶಿಸಿತು; ಬಿಜೆಪಿ ಸರ್ಕಾರ ದೆಹಲಿಗೆ ಹೋಗಿ ತಡೆ ತಂದಿತು. ಹೊಸ ಕಾಯ್ದೆ ಬಂತು, ವಾರ್ಡು 243 ಆದವು. ಮೀಸಲಾತಿ ಪಟ್ಟಿ ಸರಿಯಿಲ್ಲವೆಂದು 2022ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾಂಗ್ರೆಸ್ ಬಂದ ಮೇಲೆ 243 ಹೋಗಿ 225 ಆಯಿತು. ಆಮೇಲೆ ಗ್ರೇಟರ್ ಬೆಂಗಳೂರು, ಐದು ಪಾಲಿಕೆ, 369 ವಾರ್ಡು. ವಾರ್ಡಿನ ಗಡಿ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. ಗಡಿ ಎಳೆಯುತ್ತಿರುವಷ್ಟು ದಿನ ಓಟು ಹಾಕಿಸಬೇಕಿಲ್ಲ.

ಐದು ಪಾಲಿಕೆ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕೋಟಿ ಮೀರಿದ ಜನಸಂಖ್ಯೆಯ ಊರನ್ನು ಒಂದೇ ಕಚೇರಿಯಿಂದ ನೋಡಿಕೊಳ್ಳುವುದು ಕಷ್ಟ; ಮೇಯರ್ ಅವಧಿಯನ್ನು ಒಂದು ವರ್ಷದಿಂದ ಎರಡೂವರೆ ವರ್ಷಕ್ಕೆ ಏರಿಸಿದ್ದೂ ಒಳ್ಳೆಯದೇ. ಆದರೆ ಐದೂ ಪಾಲಿಕೆಗಳ ತಲೆಯ ಮೇಲೆ ಕೂರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರೇ ಉಪಾಧ್ಯಕ್ಷರು. ಅಂದರೆ ನಾಳೆ ಮೇಯರ್ ಬಂದರೂ ಜಯನಗರ, ಬಿಟಿಎಂ, ಬನಶಂಕರಿಯ ಭವಿಷ್ಯ ವಿಧಾನಸೌಧದ ಮೆಟ್ಟಿಲ ಮೇಲೇ ಕಾಯಬೇಕು.

ಪಕ್ಷ ಯಾವುದೇ ಇರಲಿ, ಸರ್ಕಾರ ಯಾರದೇ ಇರಲಿ, ವಾರ್ಡಿನ ಚುನಾವಣೆ ಎಂದರೆ ಎಲ್ಲರಿಗೂ ಯಾಕೆ ಇಷ್ಟು ಅಲರ್ಜಿ? ಶಾಸಕರಿಗೆ ಕೈಕೆಳಗೆ ಪ್ರತಿಸ್ಪರ್ಧಿ ಬೆಳೆಯುವುದು ಬೇಡ ಎನ್ನುತ್ತಾರೆ. ನಿಜವೇ. ಆದರೆ ಅದರ ಬೇರು ಇನ್ನೂ ಆಳದಲ್ಲಿದೆ. ತಮ್ಮ ಪಕ್ಷದೊಳಗೆ ಟಿಕೆಟ್‌ಗಾಗಿ ಓಟು ನಡೆಸಲು ಒಲ್ಲದವರು ಬೀದಿಯಲ್ಲಿ ಓಟು ನಡೆಸಲು ಏಕೆ ಆತುರಪಡುತ್ತಾರೆ? ಮೇಲಿನವರ ಕೃಪೆಯಿಂದ ಟಿಕೆಟ್ ಪಡೆದವರಿಗೆ ಕೆಳಗಿನವರಿಗೆ ಕೊಡಲು ಗೊತ್ತಿರುವುದೂ ಕೃಪೆಯೊಂದೇ. ಅನುದಾನ, ಟಿಕೆಟ್ ಎರಡೂ ಒಂದೇ ಗಿಡದ ಕಾಯಿ.

ಜಯನಗರ ಸೇರಿರುವ ಬೆಂಗಳೂರು ದಕ್ಷಿಣದಷ್ಟು ಇದನ್ನು ಚೆನ್ನಾಗಿ ತೋರಿಸುವ ಲೋಕಸಭಾ ಕ್ಷೇತ್ರ ಇನ್ನೊಂದಿಲ್ಲ. ಸುಪ್ರೀಂ ಕೋರ್ಟಿನಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರೆಂದು 1973ರಲ್ಲಿ ರಾಜೀನಾಮೆ ಕೊಟ್ಟು ಬಂದ ಕೆ.ಎಸ್. ಹೆಗ್ಡೆಯವರನ್ನು ಈ ಜನ 1977ರಲ್ಲಿ ಗೆಲ್ಲಿಸಿದರು. ಸೋತವರು ಸಾಮಾನ್ಯರಲ್ಲ, ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. 1980ರಲ್ಲಿ ಇಂದಿರಾ ಅಲೆಗೆ ಕರ್ನಾಟಕದ 28ರಲ್ಲಿ 27 ಸ್ಥಾನ ಕೊಚ್ಚಿಹೋದಾಗ ನಿಂತದ್ದು ಇದೊಂದೇ, ಜನತಾ ಪಕ್ಷದ ಟಿ.ಆರ್. ಶಾಮಣ್ಣನವರ ಗೆಲುವು. ಅಲೆಗೆ ಎದುರು ನಿಂತು ತೂಗಿನೋಡಿ ಓಟು ಹಾಕಿದ ಇದೇ ಮತದಾರರಿಗೆ ಅಭ್ಯರ್ಥಿ ಯಾರೆಂದು ಇವತ್ತು ಗೊತ್ತಾಗುವುದು ಯಾವಾಗ? 2019ರಲ್ಲಿ ಬಿಜೆಪಿ ಪಟ್ಟಿಗೆ ಇಡೀ ಊರು ಕಾಯಿತು. ಇಲ್ಲಿನ ಸಂಸದ ಅನಂತಕುಮಾರ್ ತೀರಿಕೊಂಡ ಮೇಲೆ ಅವರ ಪತ್ನಿ ತೇಜಸ್ವಿನಿಯವರೇ ಅಭ್ಯರ್ಥಿ ಎಂದು ಕಾರ್ಯಕರ್ತರು ಪ್ರಚಾರವನ್ನೂ ಶುರು ಮಾಡಿದ್ದರು. ನಾಮಪತ್ರದ ಕೊನೆಯ ದಿನದ ಹೊಸ್ತಿಲಲ್ಲಿ, ರಾತ್ರೋರಾತ್ರಿ, ತೇಜಸ್ವಿ ಸೂರ್ಯ ಅವರ ಹೆಸರು ದೆಹಲಿಯಿಂದ ಬಂತು. ಅವರು ಗೆದ್ದರು, 2024ರಲ್ಲೂ ಗೆದ್ದರು. ಅದು ಜನರ ತೀರ್ಪು, ನನ್ನ ತಕರಾರಿಲ್ಲ. ನನ್ನ ತಕರಾರು ಅದಕ್ಕೂ ಹಿಂದಿನ ರಾತ್ರಿಯ ಬಗ್ಗೆ. ಇಪ್ಪತ್ತು ವರ್ಷ ಬೂತ್‌ನಲ್ಲಿ ಮೇಜು ಹಾಕಿಕೊಂಡು ಕೂತ ಕಾರ್ಯಕರ್ತನನ್ನು ಆ ರಾತ್ರಿ ಯಾರಾದರೂ ಒಂದು ಮಾತು ಕೇಳಿದರೇ? ಕಾಂಗ್ರೆಸ್ಸಿನಲ್ಲೂ ಕಥೆ ಅದೇ. 2024ರಲ್ಲಿ ಇಲ್ಲಿ ನಿಂತವರು ಸಚಿವ ರಾಮಲಿಂಗಾ ರೆಡ್ಡಿಯವರ ಮಗಳು. ಸೌಮ್ಯಾ ರೆಡ್ಡಿಯವರು ಶಾಸಕಿಯಾಗಿ ಕೆಲಸ ಮಾಡಿದವರು, ಅರ್ಹತೆ ಇಲ್ಲದವರಲ್ಲ. ಹಾಗಿದ್ದ ಮೇಲೆ ಸದಸ್ಯರ ಓಟಿಗೆ ನಿಂತು ಆ ಅರ್ಹತೆಯನ್ನು ತೋರಿಸಲು ಪಕ್ಷ ಅವಕಾಶ ಕೊಡಬೇಕಿತ್ತು.

ಆಗದ ಮಾತು ಎನ್ನಬೇಡಿ. ಒಮ್ಮೆ ಆಗಿದೆ, ನಮ್ಮ ಊರಲ್ಲೇ. 2014ರಲ್ಲಿ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪಕ್ಷದವರಿಂದಲೇ ಓಟು ಹಾಕಿಸಿ ಅಭ್ಯರ್ಥಿ ಆರಿಸುವ ಪ್ರಯೋಗ ಮಾಡಿದರು. ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಅದರಲ್ಲಿದ್ದವು. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಹಾಗೆ ಆರಿಸಿ ಬಂದರು. ಇಬ್ಬರೂ ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಅಲ್ಲಿಗೇ ಮುಗಿಯಿತು. ಅದೇ ಸಲ ಬೆಂಗಳೂರು ದಕ್ಷಿಣಕ್ಕೆ ನಂದನ್ ನಿಲೇಕಣಿಯವರನ್ನು ಹೈಕಮಾಂಡ್ ನೇರವಾಗಿ ಇಳಿಸಿತ್ತು. ಅವರೂ ಎರಡು ಲಕ್ಷಕ್ಕಿಂತ ಹೆಚ್ಚು ಮತಗಳಿಂದ ಸೋತರು. ಹೈಕಮಾಂಡ್ ಆರಿಸಿದವರು ಸೋತರೆ ಹೈಕಮಾಂಡನ್ನು ರದ್ದು ಮಾಡುವುದಿಲ್ಲ, ಕಾರ್ಯಕರ್ತರು ಆರಿಸಿದವರು ಸೋತರೆ ಮಾತ್ರ ಕಾರ್ಯಕರ್ತರ ಓಟು ರದ್ದು!

ಕಾನೂನೂ ಇಲ್ಲಿ ಕೈಕಟ್ಟಿ ನಿಂತಿದೆ. ಪಕ್ಷದೊಳಗೆ ಪ್ರಜಾಪ್ರಭುತ್ವ ಕಡ್ಡಾಯವಾಗಲಿ ಎಂದು ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ, 1999ರಲ್ಲೇ ಹೇಳಿತು. ಕಾಯ್ದೆ ಮಾಡಬೇಕಾದವರು ಅದೇ ಪಕ್ಷಗಳ ಸಂಸದರು. ಮಾಡಲಿಲ್ಲ.

ಪಕ್ಷಗಳ ಹೊರಗೆ ನಿಂತು ಇದನ್ನು ಬದಲಾಯಿಸಲು ನೋಡಿದವರು ಜಯನಗರದಲ್ಲಿ ಇಲ್ಲದಿಲ್ಲ. ರವಿ ಕೃಷ್ಣಾ ರೆಡ್ಡಿ 2008ರಲ್ಲಿ ಇಲ್ಲಿ ಪಕ್ಷೇತರರಾಗಿ ನಿಂತರು. ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆಯೇ ತೀರಿಕೊಂಡು 2018ರ ಜೂನ್‌ಗೆ ಮುಂದೆ ಹೋದ ಚುನಾವಣೆಯಲ್ಲೂ ನಿಂತರು. ಎರಡು ಸಾವಿರ ಮತವೂ ಬರಲಿಲ್ಲ. ಆಮೇಲೆ ಕರ್ನಾಟಕ ರಾಷ್ಟ್ರ ಸಮಿತಿ ಕಟ್ಟಿ, ಸರ್ಕಾರಿ ಕಚೇರಿಗಳಿಗೆ ಹೋಗಿ ಮೊಬೈಲ್ ಹಿಡಿದು ಲಂಚದ ಲೆಕ್ಕ ಕೇಳುವ ಚಳವಳಿ ಬೆಳೆಸಿದರು. ಅವರ ದಾರಿಯ ಬಗ್ಗೆ ನನಗೆ ಗೌರವವಿದೆ, ಪೂರ್ತಿ ಒಪ್ಪಿಗೆಯಿಲ್ಲ. ಕ್ಯಾಮೆರಾ ಎದುರು ಗುಮಾಸ್ತ ಬೆವರುತ್ತಾನೆ; ಅವನನ್ನು ಆ ಜಾಗಕ್ಕೆ ಹಾಕಿಸಿದ ದೊಡ್ಡವರು ಆ ಚಿತ್ರದಲ್ಲಿ ಬರುವುದೇ ಇಲ್ಲ. ಆದರೆ ಸೇವೆ ಎಂದರೆ ಹಂಚುವುದಲ್ಲ, ಉತ್ತರ ಕೊಡುವುದು ಎಂದು ಬೀದಿಗಿಳಿದು ಹೇಳಿದರಲ್ಲ, ಆ ಮಾತು ನಮ್ಮ ದೊಡ್ಡ ಪಕ್ಷಗಳ ಬಾಯಲ್ಲಿ ಬರಬೇಕಿತ್ತು.

ಬಂದಿತ್ತು ಕೂಡ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಬಿಟ್ಟುಕೊಟ್ಟರು. 1987ರಲ್ಲಿ ಚುನಾವಣೆಯೂ ನಡೆಯಿತು. ಸಚಿವರೊಬ್ಬರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವಾಗಿಯೇ ಕೆಳಕ್ಕೆ ಇಳಿಸಿದ್ದನ್ನು ನೋಡಿದ ರಾಜ್ಯವಿದು. ಅದೇ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ 2025ರವರೆಗೂ ಚುನಾವಣೆ ನಡೆಯಲಿಲ್ಲ. ನಗರದವರ ಗೋಳು ಮಾತ್ರ ಎಂದು ಇದನ್ನು ಯಾರೂ ತಳ್ಳಿಹಾಕದಿರಲಿ.

ನನ್ನ ಗೆಳೆಯರೇ ಒಬ್ಬರು, ಜೆ.ಪಿ. ನಗರದವರು, ವಾದಿಸುತ್ತಾರೆ: ಕಾರ್ಪೊರೇಟರ್‌ಗಳು ಇಲ್ಲದ್ದೇ ವಾಸಿ, ಮನೆ ಕಟ್ಟಲು ಜಲ್ಲಿ ಇಳಿಸಿದ ದಿನವೇ ಅವರ ಕಡೆಯ ಹುಡುಗರು ಗೇಟಿಗೆ ಬಂದು ನಿಲ್ಲುತ್ತಿದ್ದರು, ಐಎಎಸ್ ಅಧಿಕಾರಿಗಳೇ ನೋಡಿಕೊಳ್ಳಲಿ. ಅವರ ಅನುಭವ ಸುಳ್ಳಲ್ಲ. ಆ ಹುಡುಗರನ್ನು ನಾನೂ ನೋಡಿದ್ದೇನೆ. ಆದರೆ ಈ ಐದು ವರ್ಷದಲ್ಲಿ ಜಲ್ಲಿ ಇಳಿಸಿದವರ ಗೇಟಿಗೆ ಯಾರೂ ಬರಲಿಲ್ಲವೇ ಎಂದು ಕೇಳಿದೆ. ಅವರು ಸುಮ್ಮನಾದರು. ದುಡ್ಡು ಕೇಳಿದ ಕಾರ್ಪೊರೇಟರ್‌ನನ್ನು ಐದು ವರ್ಷಕ್ಕೊಮ್ಮೆ ಸೋಲಿಸಬಹುದು. ಆಡಳಿತಾಧಿಕಾರಿಯನ್ನು ಸೋಲಿಸುವ ಯಂತ್ರ ಯಾವ ಬೂತ್‌ನಲ್ಲೂ ಇಲ್ಲ. ಅವರಿಗೆ ವರ್ಗವಾಗುತ್ತದೆ, ಫೈಲು ಇಲ್ಲೇ ಉಳಿಯುತ್ತದೆ.

ದಕ್ಷಿಣ ಬೆಂಗಳೂರಿನ ನಮ್ಮ ಪಾಲೂ ಇದೆ. ಲೋಕಸಭೆಗೆ ಇಲ್ಲಿ ನೂರಕ್ಕೆ ಸುಮಾರು 53 ಜನ ಮಾತ್ರ ಓಟು ಹಾಕುತ್ತೇವೆ, 2019ರಲ್ಲೂ ಅಷ್ಟೇ, 2024ರಲ್ಲೂ ಅಷ್ಟೇ. ಜಯನಗರದಲ್ಲಿ 16 ಮತ ಒಂದು ಕ್ಷೇತ್ರವನ್ನು ತಿರುಗಿಸಿತು. ಒಂದು ಅಪಾರ್ಟ್‌ಮೆಂಟಿನ ಎರಡು ಮಹಡಿಯವರು ಆ ದಿನ ಮೈಸೂರಿಗೆ ಹೋಗದಿದ್ದರೆ ಫಲಿತಾಂಶ ಬೇರೆ ಆಗಬಹುದಿತ್ತು. ಟಿಕೆಟ್ ಕೊಡುವವರಿಗೂ ಈ ಲೆಕ್ಕ ಗೊತ್ತು. ಮನೆಯಲ್ಲಿ ಕೂತವರಿಗೆ ಅವರು ಹೆದರುವುದಿಲ್ಲ.

ವಾರ್ಡಿನ ಚುನಾವಣೆ ಬಂದಾಗ ಮತದಾರರ ಪಟ್ಟಿ ಹಿಡಿದುಕೊಂಡು ಎಲ್ಲ ಪಕ್ಷದವರೂ ನಮ್ಮ ಗೇಟಿಗೆ ಬರುತ್ತಾರೆ, ಸೇವೆ ಮಾಡಲು ಒಂದು ಅವಕಾಶ ಕೊಡಿ ಎನ್ನುತ್ತಾರೆ. ಕರಪತ್ರ ತೆಗೆದುಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಬೇಕೆಂದಿದ್ದೇನೆ, ಅಕ್ಕಪಕ್ಕದವರೂ ಕೇಳಲಿ. ಈ ವಾರ್ಡಿನ ನಿಮ್ಮ ಪಕ್ಷದ ಸದಸ್ಯರಲ್ಲಿ ಎಷ್ಟು ಜನ ಓಟು ಹಾಕಿ ನಿಮ್ಮನ್ನು ಆರಿಸಿದರು? ಗೆದ್ದ ಮೇಲೆ, ಪ್ರತಿ ತಿಂಗಳು ವಾರ್ಡ್ ಸಮಿತಿ ಸಭೆ ಕರೆದು, ಬಂದ ದುಡ್ಡೆಷ್ಟು, ಹೋದ ದುಡ್ಡೆಷ್ಟು ಎಂದು ಬಾಗಿಲಿಗೆ ಬರೆದು ಅಂಟಿಸುತ್ತೀರಾ? ಉತ್ತರ ಕೊಟ್ಟವರನ್ನು ಕರೆದುಕೊಂಡು ಹೋಗಿ ಅಜ್ಜಿ ಬಿದ್ದ ಜಾಗ ತೋರಿಸುತ್ತೇನೆ. ನಾವು ಹಾಕಿಸಿದ ಚಪ್ಪಡಿಯ ಪಕ್ಕದ್ದು ಈಗ ಅಲುಗಾಡುತ್ತಿದೆ.