ಎಚ್ಚರಿಸುವ ಹಾವಿಗೆ ಹೆದರಬೇಕೇ?

ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಾಸ್‌ಗಳ ಗುಡ್ಡಗಾಡಿಗೆ ಚಾರಣ ಹೊರಡುವವರನ್ನು ಮೊದಲು ಕಾಡುವುದು ರ್ಯಾಟಲ್‌ಸ್ನೇಕ್ ಭಯ. ಅಲ್ಲಿ ನೆಲೆಸಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಆದರೆ ಕಚ್ಚುವ ಮೊದಲೇ ಇದರಂತೆ ಬಾಲದ ಗಿಲಕಿಯಿಂದ ಸದ್ದು ಮಾಡಿ ದೂರ ಸರಿಯಲು ಹೇಳುವ ಹಾವುಗಳು ಕಡಿಮೆ. ನಮ್ಮ ಪಶ್ಚಿಮ ಘಟ್ಟದ ಗುಳಿಮಂಡಲ ಇದರ ನೆಂಟನೇ. ಆದರೆ ಅದಕ್ಕೆ ಈ ಗಿಲಕಿ ಇಲ್ಲ.

ಗಿಲಕಿಯ ಒಳಗೆ ಕಾಳೂ ಇಲ್ಲ, ಕಲ್ಲೂ ಇಲ್ಲ. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ ಟೊಳ್ಳು ಉಂಗುರಗಳು ಬಾಲದ ತುದಿಯಲ್ಲಿ ಸಡಿಲವಾಗಿ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಬಾಲ ಸೆಕೆಂಡಿಗೆ ಹತ್ತಾರು ಬಾರಿ ಅದುರಿದಾಗ ಅವು ತಾಕಲಾಡಿ ಸದ್ದು ಹೊರಡುತ್ತದೆ. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ಹಳೆಯವು ಮುರಿದು ಬೀಳುತ್ತವೆ. ಹಾಗಾಗಿ ಉಂಗುರ ಎಣಿಸಿ ವಯಸ್ಸು ಹೇಳಲಾಗದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಗುಟ್ಟು ಬಯಲು ಮಾಡಿತು: ಎದುರಿನ ಜೀವಿ ಸಮೀಪಿಸಿದಂತೆ ಸದ್ದಿನ ಲಯ ಏರುತ್ತಾ ಹೋಗಿ ಒಮ್ಮೆಲೇ ಜಿಗಿಯುತ್ತದೆ, ಕೇಳುವವರಿಗೆ ಹಾವು ತೀರಾ ಹತ್ತಿರದಲ್ಲಿದೆ ಎನಿಸುತ್ತದೆ. ಅವರನ್ನು ಹಿಂದಕ್ಕೆ ಸರಿಸುವ ಉಪಾಯವಿದು.

ಅಮೆರಿಕದಲ್ಲಿ ವರ್ಷಕ್ಕೆ 7,000ದಿಂದ 8,000 ಜನರಿಗೆ ವಿಷದ ಹಾವು ಕಚ್ಚುತ್ತದೆ. ಸಾಯುವವರು ಸುಮಾರು 5 ಮಂದಿ. ಬೇಗ ಆಸ್ಪತ್ರೆ ಸೇರುವುದು, ಅಲ್ಲಿ ಪ್ರತಿವಿಷ ಸಿಗುವುದು ಇದಕ್ಕೆ ದೊಡ್ಡ ಕಾರಣ. ಎಲ್ಲ ರ್ಯಾಟಲ್‌ಸ್ನೇಕ್‌ಗಳೂ ಸದ್ದು ಮಾಡಿಯೇ ತೀರುತ್ತವೆ ಎಂದಲ್ಲ. ಆದ್ದರಿಂದ ಕಣ್ಣಿಗೆ ಕಾಣದ ಬಂಡೆ ಸಂದಿಗೆ ಕೈ ಹಾಕಬಾರದು, ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬಾರದು, ಗಟ್ಟಿ ಬೂಟು ತೊಡಬೇಕು. ಕಚ್ಚಿದರೆ ಗಾಯ ಕೊಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಕಟ್ಟುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ. ಊತ ಬರುವ ಮೊದಲೇ ಉಂಗುರ, ವಾಚು ತೆಗೆದು ಆಸ್ಪತ್ರೆಗೆ ಧಾವಿಸಬೇಕು.

ಭಯವನ್ನು ಹಬ್ಬ ಮಾಡುವುದು ಮಾತ್ರ ಅನ್ಯಾಯ. ಟೆಕ್ಸಾಸ್‌ನ ಸ್ವೀಟ್‌ವಾಟರ್‌ನಲ್ಲಿ 1958ರಿಂದ ಈ ಹಾವುಗಳನ್ನು ರಾಶಿ ರಾಶಿ ಹಿಡಿದು ತಂದು, ಜನರ ಮುಂದೆಯೇ ಕೊಂದು ಚರ್ಮ ಸುಲಿಯುವ ಮೇಳ ನಡೆದು ಬಂದಿದೆ. ಇಲಿಗಳನ್ನು ತಿಂದು ಹತೋಟಿಯಲ್ಲಿಡುವ ಜೀವಿಗೆ ಸಲ್ಲುವ ಪ್ರತಿಫಲ ಇದಲ್ಲ. ಮರಿ ಹಾಕುವ ಈ ಹಾವುಗಳ ಸಂತತಿ ಬೆಳೆಯುವುದೂ ನಿಧಾನ. ಟಿಂಬರ್ ರ್ಯಾಟಲ್‌ಸ್ನೇಕ್‌ನ ಹೆಣ್ಣು ಬಲಿಯಲು ಏಳೆಂಟು ವರ್ಷವೇ ಬೇಕು.

ಜಾರ್ಜಿಯಾದ ಕ್ಲಾಕ್ಸ್‌ಟನ್ ಪಟ್ಟಣ ತನ್ನ ಇಂಥದೇ ಮೇಳವನ್ನು 2012ರಲ್ಲಿ ವನ್ಯಜೀವಿ ಉತ್ಸವವಾಗಿ ಬದಲಿಸಿತು. ಸ್ವೀಟ್‌ವಾಟರ್ ಕೂಡ ಅದೇ ಹಾದಿ ಹಿಡಿಯಬೇಕು. ಚಾರಣಿಗರು ಗಿಲಕಿ ಕೇಳಿದರೆ ಕೋಲು ಹುಡುಕುವುದು ಬೇಡ; ನಿಂತು, ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಿ, ಮೆಲ್ಲಗೆ ಹಿಂದೆ ಸರಿದು ಹಾವಿಗೆ ದಾರಿ ಬಿಡಲಿ.